ಅಪ್ಪನ ಚಾಕು, ಬಚ್ಚಲ ಕಲ್ಲು

ನಮ್ಮ ಮನೆಯಲ್ಲಿ ಚಾಕುವನ್ನು ಯಾರೂ ಯಾರ ಕೈಗೂ ಕೊಡುತ್ತಿರಲಿಲ್ಲ. ಕೇಳಿದವರ ಮುಂದೆ ನೆಲಕ್ಕಿಡಬೇಕು, ಅವರು ಬಗ್ಗಿ ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ದಾಟಿದರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಬಿಡುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಉಪ್ಪಿಗೂ ಮೆಣಸಿನಕಾಯಿಗೂ ಇದೇ ನಿಯಮ. ಆದರೆ ಅಲ್ಲಿ ಯಾರಾದರೂ ತಪ್ಪಿದರೆ ಕೂತಲ್ಲಿಂದಲೇ ಬೈದು ಸುಮ್ಮನಾಗುವಳು. ಚಾಕುವಿಗೆ ಮಾತ್ರ ಎದ್ದು ಬಂದು ಕೈಮೇಲೆ ಹೊಡೆಯುವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಹಳೆಯದನ್ನು ಬರೆಯಲು ಕೂತವರೆಲ್ಲ ಕೊನೆಗೆ ಎಲ್ಲರನ್ನೂ ಕ್ಷಮಿಸಿ ಎದ್ದು ಹೋಗುತ್ತಾರೆ. ನನ್ನಿಂದ ಅದು ಆಗುವುದಿಲ್ಲ. ನನ್ನ ದೊಡ್ಡಪ್ಪ ಸತ್ತು ವರ್ಷಗಳಾದವು, ಈಗಲೂ ಅವನ ಹೆಸರು ಕಿವಿಗೆ ಬಿದ್ದರೆ ನನ್ನ ಮೈ ಉರಿಯುತ್ತದೆ. ಅವನ ಮುಂದೆ ನಿಂತು ಮಾತಾಡುವಾಗ ಪ್ರತಿ ಮಾತಿಗೂ ‘ರಿ’ ಹಚ್ಚುತ್ತಿದ್ದೆ. ಇಲ್ಲಿ ಹಚ್ಚುವುದಿಲ್ಲ, ಇದು ನನ್ನ ಪುಸ್ತಕ.

ಕೂಡ್ಲಿಗಿಯ ಆ ಮನೆಗೆ ಇದ್ದದ್ದು ಒಂದು ಪಡಸಾಲೆ, ಒಂದು ಅಡುಗೆಮನೆ, ಹೊಗೆ ತಿಂದು ಕಪ್ಪಾದ ಎರಡು ಕೋಣೆ, ಹಿತ್ತಲಲ್ಲಿ ಬಚ್ಚಲು. ಏಳು ಜನ ಇದ್ದೆವು: ಅಜ್ಜಿ, ಅವಳ ಹಿರಿಯ ಮಗ ದೊಡ್ಡಪ್ಪ, ದೊಡ್ಡವ್ವ, ಅವರ ಮಗ ಮಂಜಣ್ಣ, ಅಪ್ಪ, ಅವ್ವ, ನಾನು. ಏಳು ಜನಕ್ಕೆ ಒಂದೇ ಚಾಕು. ಅಜ್ಜನ ಕಾಲದ ಮಡಚುವ ಚಾಕು ಅದು, ಕೋಡಿನ ಹಿಡಿ, ಹಿತ್ತಾಳೆಯ ಎರಡು ಮೊಳೆ. ಹಿಡಿಯ ಒಂದು ಬದಿ ಚಕ್ಕೆ ಎದ್ದುಹೋಗಿತ್ತು. ಒಳಗಿನ ಸ್ಪ್ರಿಂಗು ಸತ್ತು ಮಡಚಿದರೂ ಬಾಯಿ ಬಿಡುತ್ತಿದ್ದುದರಿಂದ ಅಪ್ಪ ಅದಕ್ಕೆ ಸೈಕಲ್ ಟ್ಯೂಬಿನ ಉಂಗುರ ಹಾಕಿ ತನ್ನ ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಬೆಳಿಗ್ಗೆ ಬೇವಿನ ಕಡ್ಡಿ ಕತ್ತರಿಸುವುದರಿಂದ ಅದರ ದಿನ ಶುರುವಾಗುತ್ತಿತ್ತು. ರೊಟ್ಟಿಯ ಜೊತೆಗೆ ಉಳ್ಳಾಗಡ್ಡಿ ಸೀಳುವುದು, ನನ್ನ ಪೆನ್ಸಿಲ್ ಚೂಪು ಮಾಡುವುದು, ಹೊರಸಿನ ಹಗ್ಗ ಕೊಯ್ಯುವುದು, ಅಜ್ಜಿಯ ಕಾಲಿನ ಕಲ್ಲಿನಂಥ ಉಗುರು ತೆಗೆಯುವುದು ಎಲ್ಲಕ್ಕೂ ಅದೇ. ಅಜ್ಜಿಯ ಉಗುರು ತೆಗೆದ ಚಾಕುವಿನಲ್ಲಿ ಮಾವಿನಕಾಯಿ ಹೆಚ್ಚಬೇಡಿರೆಂದು ದೊಡ್ಡವ್ವ ತಕರಾರು ಮಾಡುವಳು, ಹೆಚ್ಚಿದ ಹೋಳನ್ನು ಎಲ್ಲರಿಗಿಂತ ಮೊದಲು ಬಾಯಿಗೆ ಹಾಕಿಕೊಳ್ಳುವವಳೂ ಅವಳೇ. ಹೆರಿಗೆಯಾದರೆ ಬಾಣಂತಿಯ ತಲೆದಿಂಬಿನ ಕೆಳಗೆ ಹೋಗುತ್ತಿತ್ತು. ಮದುವೆಯಾದರೆ ಅರಿಷಿಣ ಹಚ್ಚಿದ ದಿನದಿಂದ ತಾಳಿ ಕಟ್ಟುವವರೆಗೆ, ತುದಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು, ಮದುಮಗನ ಕೈಯಲ್ಲಿರುತ್ತಿತ್ತು. ಅಜ್ಜ ಹಿಡಿದದ್ದು ಅದೇ, ದೊಡ್ಡಪ್ಪ ಹಿಡಿದದ್ದು ಅದೇ, ಅಪ್ಪ ಹಿಡಿದದ್ದೂ ಅದೇ.

ಇದೆಲ್ಲಕ್ಕಿಂತ ಹೆಚ್ಚಾಗಿ ಅದು ಹುಣಸೆಹಣ್ಣಿನ ಚಾಕು. ಅಪ್ಪ ಹುಣಸೆ ಮರ ಹತ್ತಿ ಹಣ್ಣು ಬಡಿಯುತ್ತಿದ್ದ, ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಒಂದೊಂದೇ ಹಣ್ಣಿನ ಹೊಟ್ಟೆ ಸೀಳಿ ನಾರು ಎಳೆದು ಬೀಜ ಹಾರಿಸುತ್ತಿದ್ದಳು. ಬೇಸಿಗೆಯ ಮೂರು ತಿಂಗಳು ನಮ್ಮ ಮನೆಯ ನೆಲ, ಬಟ್ಟೆ, ಹಾಸಿಗೆ, ಅವ್ವನ ಕೈ ಎಲ್ಲವೂ ಹುಳಿ ಹುಳಿ ವಾಸನೆ. ಹುಣಸೆಯ ಹುಳಿ ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕೇ ಅವ್ವ ಹಣ್ಣು ಬಿಡಿಸಿದ ಮೇಲೆ ಊಟಕ್ಕೆ ಏಳುವ ಮೊದಲು ಚಾಕು ತೊಳೆದು, ಸೆರಗಿನಲ್ಲಿ ಒರೆಸಿ, ಹರಳೆಣ್ಣೆ ಸವರುವಳು. ನಾವು ಹಸಿದು ಕೂತಿದ್ದರೂ ಸರಿ, ಮೊದಲು ಚಾಕು. ಅಷ್ಟು ಮಾಡಿದರೂ ಅಲಗು ಎರಡು ದಿನಕ್ಕೇ ಮೊಂಡಾಗುತ್ತಿತ್ತು. ಅಪ್ಪ ಬಚ್ಚಲ ಬಾಗಿಲಿನ ಕರಿಕಲ್ಲಿನ ಮೇಲೆ ನೀರು ಚಿಮುಕಿಸಿ ಮಸೆಯುತ್ತಿದ್ದ. ಅಜ್ಜನ ಕಾಲದಿಂದ ಮಸೆದೂ ಮಸೆದೂ ಆ ಕಲ್ಲಿನಲ್ಲಿ ನನ್ನ ಅಂಗೈ ಮಲಗುವಷ್ಟು ಗುಳಿ ಬಿದ್ದಿತ್ತು. ಎರಡು ಬೆರಳಗಲ ಇದ್ದ ಅಲಗು ಸವೆದು ನಾನು ಕಾಣುವ ಹೊತ್ತಿಗೆ ಒಂದು ಬೆರಳಗಲವಾಗಿತ್ತು. ಉಳಿದ ಚಾಕು ಎಲ್ಲಿ ಹೋಯಿತೆಂದು ಕೇಳಿದರೆ ಅಪ್ಪ ಆ ಗುಳಿ ತೋರಿಸಿ ನಗುತ್ತಿದ್ದ.

ಅಪ್ಪ ಇರುವವರೆಗೆ ದೊಡ್ಡಪ್ಪ ಚಾಕು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಅವನು ಬಿಳಿ ಅಂಗಿಯ ಮನುಷ್ಯ, ಊರಲ್ಲಿ ಯಾರದೇ ಜಗಳವಾದರೂ ನ್ಯಾಯ ಹೇಳಲು ಹೋಗಿ ಕೂರುವವನು. ಅಡಿಕೆ ಸಹ ದೊಡ್ಡವ್ವ ಹೋಳು ಮಾಡಿ ಕೊಡಬೇಕಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹುಣಸೆ ಮರದಿಂದ ಬಿದ್ದು ಸತ್ತ. ಅದರ ಬಗ್ಗೆ ಹೆಚ್ಚು ಬರೆಯಲು ಆಗುವುದಿಲ್ಲ. ತಿಥಿ ಮುಗಿದ ಮರುದಿನ ದೊಡ್ಡಪ್ಪ ಪಡಸಾಲೆಯ ಹೊರಸಿನ ಮೇಲೆ ಕೂತು, ನಾಲ್ಕು ಜನ ಹಿರಿಯರನ್ನು ಚಾಪೆಯ ಮೇಲೆ ಕೂರಿಸಿ, ಅವ್ವನಿಗೆ ಚಾಕು ತರಲು ಹೇಳಿದ. ಮದುಮಕ್ಕಳು ಹಿಡಿಯುವ ಚಾಕು ಗಂಡ ಸತ್ತವಳ ಕೈಯಲ್ಲಿ ಇರಬಾರದಂತೆ. ಅವ್ವ ಒಳಗೆ ಹೋಗಿ ತಂದಳು. ಹಿಂದಿನ ದಿನ ಎಣ್ಣೆ ಸವರಿದ್ದ ಚಾಕು. ಹೊರಸಿನ ಮುಂದೆ ನೆಲಕ್ಕಿಟ್ಟು ಹಿಂದೆ ಸರಿದು ನಿಂತಳು. ಈಗ ಅವನು ಬಗ್ಗಿ ಎತ್ತಿಕೊಳ್ಳಬೇಕು. ತಮ್ಮನ ಹೆಂಡತಿಯ ಮುಂದೆ, ಅದೂ ನಾಲ್ಕು ಜನ ನೋಡುವಾಗ, ಬಗ್ಗುವ ಮನುಷ್ಯನೇ ಅವನು? ಕೂತಲ್ಲಿಂದ ಅಲುಗದೆ ನನ್ನ ಕಡೆ ತಿರುಗಿದ.

“ನೀಲಿ, ಎತ್ತಿ ಕೊಡು.”

ಎತ್ತಿಕೊಟ್ಟೆ. ಹತ್ತು ವರ್ಷದ ಹುಡುಗಿ, ದೊಡ್ಡವರು ಹೇಳಿದ್ದನ್ನು ಮಾಡಿದೆ. ಅವನ ಮೆತ್ತನೆಯ ಅಂಗೈಗೆ ಅಪ್ಪನ ಚಾಕು ನನ್ನ ಕೈಯಿಂದಲೇ ಹೋಯಿತು. ಮೂಲೆಯಲ್ಲಿದ್ದ ಅಜ್ಜಿ ಎದ್ದು ಬಂದು ಹೊಡೆಯಲಿಲ್ಲ. ಕೂತಲ್ಲೇ ಹೇಳಿದಳು.

“ಕೈಯಾಗ ಕೊಟ್ಟೆಲ್ಲ ನನ್ನವ್ವ. ಇನ್ನ ನಿನಗೂ ಅವಗೂ ಬಿಡಂಗಿಲ್ಲದು.”

ಅಜ್ಜಿ ಹೆದರಿ ಹೇಳಿದಳು. ನನಗೆ ಹೆದರಿಕೆಯಾಗಲಿಲ್ಲ. ಅಪ್ಪ ಸತ್ತ ಮೇಲೆ ಎಲ್ಲರೂ ನನ್ನಿಂದ ಏನಾದರೊಂದನ್ನು ಕಿತ್ತುಕೊಳ್ಳುತ್ತಲೇ ಇದ್ದರು, ಆಗ ನನಗೆಂದು ಸಿಕ್ಕಿದ್ದು ಆ ಜಗಳವೊಂದೇ. ಹಕ್ಕಿನಿಂದ ಸಿಕ್ಕ ಜಗಳ ಅದು. ನಾನು ಅದನ್ನು ಬಿಡಲೇ ಇಲ್ಲ.

ಒಂದೇ ತಿಂಗಳಲ್ಲಿ ಪಡಸಾಲೆಯ ನಡುವೆ ಮಣ್ಣಿಟ್ಟಿಗೆಯ ಗೋಡೆ ಎದ್ದಿತು. ಅಡುಗೆಮನೆ, ಅಜ್ಜಿ, ಚಾಕು ಆಚೆಗೆ ಹೋದವು. ಬಚ್ಚಲು ಈಚೆಗೆ ಬಂತು, ಅದರ ಜೊತೆಗೆ ಕಲ್ಲೂ ಬಂತು. ಹೀಗೆ ಮಸೆಯುವ ಕಲ್ಲು ನಮ್ಮದಾಗಿ, ಮಸೆಯಲು ಏನೂ ಇಲ್ಲದಂತಾಯಿತು. ದೊಡ್ಡಪ್ಪ ಚಾಕುವನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ. ದಿನಕ್ಕೆ ನೂರು ಸಲ ತೆರೆದು ಮುಚ್ಚುತ್ತಿದ್ದ ಚಾಕು, ಹಾಗೆ ಮಲಗಿಬಿಟ್ಟಿತು. ಅವ್ವ ಮುರಿದ ಗರಗಸದ ಬ್ಲೇಡಿಗೆ ಬಟ್ಟೆ ಸುತ್ತಿಕೊಂಡು ಹುಣಸೆಹಣ್ಣು ಸೀಳತೊಡಗಿದಳು. ಅದು ಜಾರಿ ಹೆಬ್ಬೆರಳಿಗೆ ನಾಟುವುದು, ಸೀಳಿದ ಗಾಯಕ್ಕೆ ಹುಣಸೆ ಹುಳಿ ಹತ್ತುವುದು. ಅವಳು ಹಲ್ಲು ಕಚ್ಚಿ ಉಸಿರು ಎಳೆದುಕೊಳ್ಳುವ ಆ ಸಣ್ಣ ಸದ್ದು ಗೋಡೆಯ ಆಚೆಗೂ ಕೇಳಿಸುತ್ತಿತ್ತು. ಕೇಳಿಸಲಿ ಎಂದು ನಾನು ಬಯಸುತ್ತಿದ್ದೆ, ಯಾರೂ ಬರಲಿಲ್ಲ. ನಾನು ನನ್ನ ಕೈಲಾದದ್ದನ್ನು ಮಾಡುತ್ತಿದ್ದೆ. ದೊಡ್ಡಪ್ಪನ ಚಪ್ಪಲಿಯ ಮೊಳೆ ಒಂದೊಂದಾಗಿ ಕಿತ್ತೆ. ಅವರ ನೀರಿನ ಹಂಡೆಗೆ ಗೋಡೆ ಮೇಲಿಂದ ಹುಣಸೆ ಬೀಜ ಎಸೆದೆ. ಒಣಗಲು ಹಾಕಿದ ಬಿಳಿ ಅಂಗಿಯ ಬೆನ್ನಿಗೆ ಹುಳಿ ಕೈ ಒರೆಸಿ ಬಂದೆ. ಅವನು ಆ ಅಂಗಿ ಹಾಕಿಕೊಂಡೇ ಇನ್ನೊಬ್ಬರಿಗೆ ನ್ಯಾಯ ಹೇಳಲು ಹೋದ. ಅವತ್ತು ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ನಾನು ಏಳನೇ ಕ್ಲಾಸಿಗೆ ಬಂದಾಗ ಮಂಜಣ್ಣನಿಗೆ ಕೊಟ್ಟೂರಿನ ಹೆಣ್ಣು ಗೊತ್ತಾಯಿತು. ಹಡಗಲಿಯಿಂದ ಬುಟ್ಟಿಗಟ್ಟಲೆ ಮಲ್ಲಿಗೆ ಬಂತು, ಹರಪನಹಳ್ಳಿಯ ನೆಂಟರು ಬಂದರು. ಅರಿಷಿಣ ಹಚ್ಚುವ ದಿನ ಮದುಮಗನ ಚಾಕುವನ್ನು ಮನೆಯ ಕಲ್ಲಿನ ಮೇಲೆ ಮಸೆಯಬೇಕು. ಕಲ್ಲು ನಮ್ಮ ಕಡೆ ಇತ್ತಲ್ಲ, ಮುತ್ತೈದೆಯರು ತಟ್ಟೆ ಹಿಡಿದು ಹಾಡು ಹೇಳುತ್ತ ನಮ್ಮ ಬಾಗಿಲಿಗೇ ಬಂದರು. ಅವ್ವ ಬೆಳಿಗ್ಗೆಯೇ ಎದ್ದು ಕಲ್ಲು ತೊಳೆದು ರಂಗೋಲಿ ಹಾಕಿ ಕಾಯುತ್ತಿದ್ದಳು. ದೊಡ್ಡವ್ವ ಒಳಗೆ ಕಾಲಿಟ್ಟವಳೇ ಮೆಲ್ಲಗೆ ಅಂದಳು.

“ಒಂದೀಟು ಒಳಗ ಇರವ್ವ. ಶುಭಕಾರ್ಯ ಐತಿ.”

ಅವ್ವ ಒಳಗೆ ಹೋಗಿ ತಾನೇ ಬಾಗಿಲು ಎಳೆದುಕೊಂಡಳು. ಅಪ್ಪ ಕುಕ್ಕರುಗಾಲಲ್ಲಿ ಕೂತು ಗುಳಿ ಮಾಡಿದ ಕಲ್ಲಿಗೆ ಯಾರು ಯಾರೋ ಅರಿಷಿಣ ಮೆತ್ತಿದರು. ಮಸೆಯಲು ಬಾರದ ಕೈಗಳು ಚಾಕುವನ್ನು ಅತ್ತ ಇತ್ತ ಉಜ್ಜಿದವು. ನಾನು ಬಚ್ಚಲ ಗೋಡೆಗೆ ಆತು ನಿಂತು ಎಲ್ಲವನ್ನೂ ನೋಡಿದೆ. ಆಮೇಲೆ ಅವರು ತಟ್ಟೆಯನ್ನು ನಮ್ಮ ಜಗಲಿಯ ಮೇಲಿಟ್ಟು, ಮಲ್ಲಿಗೆ ಹಂಚಿಕೊಳ್ಳಲು ಒಬ್ಬರ ಮೇಲೊಬ್ಬರು ಬಿದ್ದರು. ತಟ್ಟೆಯಲ್ಲಿ ಅಕ್ಕಿ, ಎಲೆ ಅಡಿಕೆ, ನಿಂಬೆಹಣ್ಣು, ಅಪ್ಪನ ಚಾಕು. ಕೈ ಹಾಕಿ ಎತ್ತಿ ಲಂಗದ ಮಡಿಕೆಯಲ್ಲಿ ಇಳಿಸಿದೆ. ಅಷ್ಟು ಸುಲಭವಾಗಿತ್ತು.

ಎಲ್ಲಿಡುವುದು? ಟ್ರಂಕು, ಹಾಸಿಗೆ, ಜೋಳದ ಚೀಲ ಎಲ್ಲಿ ಇಟ್ಟರೂ ಹುಡುಕುತ್ತಾರೆ. ನಮ್ಮ ಪಡಸಾಲೆಯ ಮೂಲೆಯಲ್ಲಿ ಹುಣಸೆಹಣ್ಣಿನ ದೊಡ್ಡ ಗಡಿಗೆ ಇತ್ತು, ಅವ್ವ ಇನ್ನೂ ಮುಚ್ಚಿದ ಕೋಣೆಯಲ್ಲೇ ಇದ್ದಳು. ಬಿಡಿಸಿದ ಹಣ್ಣಿಗೆ ಹರಳುಪ್ಪು ಹಾಕಿ ಅವ್ವ ಅರ್ಧ ತುಂಬಿಸಿಟ್ಟಿದ್ದಳು. ಮೊಣಕೈವರೆಗೆ ಕೈ ಇಳಿಸಿ, ನಡುವಿನಲ್ಲಿ ಚಾಕು ಹುಗಿದು, ಮೇಲೆ ಸಮ ಮಾಡಿದೆ. ಮಧ್ಯಾಹ್ನ ಅವ್ವ ಉಳಿದ ಹಣ್ಣನ್ನೂ ಹಾಕಿ, ತುಳಿದು ಒತ್ತಿ, ಬಾಯಿಗೆ ಬಟ್ಟೆ ಕಟ್ಟಿದಳು. ಹುಣಸೆ ಕಬ್ಬಿಣ ತಿನ್ನುತ್ತದೆಂದು ಹಾಲು ಕುಡಿಯುವಾಗಿನಿಂದ ನೋಡಿದವಳು ನಾನು. ಉಪ್ಪು ಬೇರೆ ಸೇರಿತ್ತು. ಸೇಡಿನ ಆ ಹೊತ್ತಿನಲ್ಲಿ ಅದೊಂದೂ ನನ್ನ ತಲೆಗೆ ಹೊಳೆಯಲಿಲ್ಲ.

ಸಂಜೆಯೊಳಗೆ ದೊಡ್ಡಪ್ಪ ನೆಂಟರ ದಂಡನ್ನೇ ಕಟ್ಟಿಕೊಂಡು ಬಂದ. ಟ್ರಂಕು ಬೋರಲು ಹಾಕಿದರು. ಅಪ್ಪನ ಹಳೆಯ ಅಂಗಿಗಳನ್ನು ಜಾಡಿಸಿದರು. ಜೋಳದ ಚೀಲ ಸುರಿದರು. ಗಡಿಗೆಯ ಬಟ್ಟೆ ಎತ್ತಿ ನೋಡಿ, ಹುಳಿಗೆ ಕೈ ಹಾಕಲು ಹೇಸಿ ಬಿಟ್ಟರು. ಎಲ್ಲ ಮುಗಿದ ಮೇಲೆ ದೊಡ್ಡಪ್ಪ ಅವ್ವನಿಗೆ, ತೆಗೆದುಕೊಂಡಿದ್ದರೆ ಕೊಟ್ಟುಬಿಡು, ಯಾರಿಗೂ ಹೇಳುವುದಿಲ್ಲ ಎಂದ. ಹೇಳಲು ಇನ್ನು ಉಳಿದವರು ಯಾರಿದ್ದರು, ಊರೇ ಬಾಗಿಲಲ್ಲಿತ್ತು. ಅವ್ವ ನನ್ನನ್ನು ಎಳೆದು ಮುಂದೆ ನಿಲ್ಲಿಸಿಕೊಂಡು ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟಳು.

“ನನಗಿರಾಕಿ ಇಕಿ ಒಬ್ಬಾಕಿ. ಇಕಿ ತಲಿಮ್ಯಾಲೆ ಕೈ ಇಟ್ಟು ಹೇಳ್ತೀನಿ, ಆ ಚಾಕು ನನ್ನ ಮನ್ಯಾಗಿಲ್ಲ.”

ಆ ಕೈಯ ಭಾರ ನನಗೆ ಈಗಲೂ ಗೊತ್ತು. ಸುಳ್ಳು ಆಣೆ ಮಾಡಿದರೆ ಯಾರ ಮೇಲೆ ಮಾಡುತ್ತಾರೋ ಅವರು ಸಾಯುತ್ತಾರೆಂದು ನಾವೆಲ್ಲ ನಂಬಿದ್ದೆವು. ನಾನು ಸಾಯಲು ತಯಾರಾಗಿ ಎಂಟು ದಿನ ಕಾದೆ. ಸಾಯಲಿಲ್ಲ. ಮಂಜಣ್ಣ ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ನೀಲಿ ಪ್ಲಾಸ್ಟಿಕ್ ಹಿಡಿಯ ಚಾಕು ಹಿಡಿದು ಮದುವೆಯಾದ. ಫೋಟೋದಲ್ಲಿ ಅದರ ತುದಿಯ ನಿಂಬೆಹಣ್ಣು ಜೋತುಬಿದ್ದಿದೆ, ಪಕ್ಕದಲ್ಲಿ ದೊಡ್ಡಪ್ಪನ ಮುಖವೂ ಜೋತುಬಿದ್ದಿದೆ. ಆ ಫೋಟೋ ನೋಡಿದಾಗಲೆಲ್ಲ ನನಗೆ ಹಬ್ಬ. ಊರಿನ ಹೆಂಗಸರು ಅವ್ವನನ್ನು ಬೆನ್ನ ಹಿಂದೆ ಕಳ್ಳಿ ಎಂದರು. ಅವ್ವ ಮಗಳ ಮೇಲೆ ಆಣೆ ಮಾಡಿದ್ದೇನೆಂದು ಅವರ ಮುಖಕ್ಕೇ ಹೇಳಿ ನಲ್ಲಿಯಲ್ಲಿ ಕೊಡ ತುಂಬಿಕೊಂಡು ನೆಟ್ಟಗೆ ನಡೆದು ಬರುತ್ತಿದ್ದಳು. ಅಷ್ಟು ನೆಟ್ಟಗೆ ಅವಳು ಅಪ್ಪ ಇದ್ದಾಗಲೂ ನಡೆದಿರಲಿಲ್ಲ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಗಡಿಗೆ ತೆರೆದಳು. ನಾನು ಹೊಸ್ತಿಲ ಮೇಲೆ ಲೆಕ್ಕ ಬಿಡಿಸುತ್ತಿದ್ದೆ. ಅವಳ ಕೈ ಒಳಗೆ ಹೋಗಿ ನಿಂತಿತು. ಹೊರಗೆ ಬಂದಾಗ ಅದರಲ್ಲಿ ಹಿಡಿಯಷ್ಟು ಕರಿ ಮುದ್ದೆ, ಮುದ್ದೆಯೊಳಗೆ ಚಾಕು. ಬಚ್ಚಲಿಗೆ ಹೋಗಿ ತೊಳೆದಳು. ಅಲಗಿನ ತುಂಬ ಸಿಡುಬಿನ ಕಲೆಯಂತೆ ಗುಳಿ, ಅಂಚು ಹರಿದ ಕಾಗದದಂತೆ ಮುಕ್ಕಾಗಿತ್ತು. ಅಪ್ಪ ಇಪ್ಪತ್ತು ವರ್ಷದಲ್ಲಿ ಸವೆಸದಷ್ಟನ್ನು ನಾನು ನಾಲ್ಕು ತಿಂಗಳಲ್ಲಿ ತಿನ್ನಿಸಿದ್ದೆ. ಅವ್ವ ನನ್ನ ಕಡೆ ತಿರುಗಿದಳು. ಹೊಡೆಯುತ್ತಾಳೆಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಇಷ್ಟು ದಿನ ನಾ ಕದ್ದಿಲ್ಲ ಅಂತ ತಲಿ ಎತ್ತಿ ನಡದಿನಿ. ಅದನ್ನೂ ಕಸಗೊಂಡೆಲ್ಲ ನೀಲಿ.”

ನಾನೇ ಹೋಗಿ ಹೇಳುತ್ತೇನೆಂದು ಎದ್ದೆ. ಅವ್ವ ರಟ್ಟೆ ಹಿಡಿದು ಕೂರಿಸಿದಳು. ಹುಡುಗಿ ಕಳ್ಳಿ ಎಂದು ಹೆಸರಾದರೆ ನಾಳೆ ಒಂದು ಮನೆ ಸೇರುವುದು ಹೇಗೆ, ತನ್ನದು ಹೇಗೂ ಕೆಟ್ಟಿದೆ ಎಂದಳು. ತಾನು ಬದುಕಿರುವವರೆಗೆ ಬಾಯಿ ಬಿಡುವುದಿಲ್ಲವೆಂದು ನನ್ನಿಂದ ಭಾಷೆ ತೆಗೆದುಕೊಂಡಳು. ಸುಮ್ಮನೆ ಆ ಚಾಕು ಬಾವಿಗೆ ಎಸೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು, ನಾನೂ ಆಮೇಲೆ ಅವ್ವನನ್ನು ಕೇಳಿದೆ. ಆಣೆ ಮಾಡಿ ಹೇಳಿದ ಮಾತು ಸುಳ್ಳೆಂದು ಗೊತ್ತಾದ ಮೇಲೆ ಅದನ್ನು ನನ್ನ ತಲೆಯ ಮೇಲಿಂದ ಇಳಿಸದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ಸೆರಗು ಹೊದ್ದು ಗೋಡೆಯ ಆಚೆಗೆ ನಡೆದಳು, ನಾನು ಹಿಂದೆ ಹೋದೆ. ದೊಡ್ಡಪ್ಪ ಯಾರ ಜೊತೆಗೋ ಮಾತಾಡುತ್ತ ಅದೇ ಹೊರಸಿನ ಮೇಲೆ ಕೂತಿದ್ದ. ಅವ್ವ ಚಾಕುವನ್ನು ಅವನ ಮುಂದೆ ನೆಲಕ್ಕಿಟ್ಟಳು.

“ನನ್ನ ಮನ್ಯಾಗ ಸಿಕ್ತು.”

ಈ ಸಲ ಬಗ್ಗಿದ. ಕಳ್ಳಿ ಎನ್ನಲು ಸಾಕ್ಷಿ ಸಿಕ್ಕಿತಲ್ಲ, ಸೊಂಟ ತಾನಾಗಿ ಬಗ್ಗಿತು. ಚಾಕು ತೆರೆದು ಅಲಗು ನೋಡಿದ, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದ. ಅವ್ವನ ಹಿಂದೆ ನಿಂತಿದ್ದ ನನ್ನನ್ನು ಒಂದು ಸಲ ನೋಡಿದ. ಆಮೇಲೆ ಪಕ್ಕದವರ ಕಡೆ ತಿರುಗಿ, ನಾನು ಹೇಳಿರಲಿಲ್ಲವೇ ಎಂದ. ಇನ್ನು ಇದು ಯಾವ ಮದುಮಗನ ಕೈಗೂ ಬರುವುದಿಲ್ಲ, ನೀನೇ ಇಟ್ಟುಕೋ ಎಂದು ಅವ್ವನ ಕಾಲ ಹತ್ತಿರ ಎಸೆದ. ಅವ್ವ ಎತ್ತಿಕೊಂಡು ಮನೆಗೆ ಬಂದಳು. ಕಲ್ಲಿಗೆ ನೀರು ಹಾಕಿ ಹೊತ್ತು ಮುಳುಗುವವರೆಗೆ ಮಸೆದಳು. ಗುಳಿಯೆಲ್ಲ ಹೋಗುವ ಹೊತ್ತಿಗೆ ಅಲಗು ಅರ್ಧ ಹೋಗಿತ್ತು. ಉಳಿದ ಅರ್ಧದಲ್ಲಿ ಇನ್ನೂ ಹತ್ತು ಹನ್ನೆರಡು ಬೇಸಿಗೆ ಹುಣಸೆಹಣ್ಣು ಸೀಳಿದಳು, ನನ್ನನ್ನು ಓದಿಸಿದಳು, ಹಗರಿಬೊಮ್ಮನಹಳ್ಳಿಗೆ ಕೊಟ್ಟು ಮದುವೆ ಮಾಡಿದಳು. ನಲ್ಲಿಗೆ ಮಾತ್ರ ಜನ ಕಡಿಮೆ ಇರುವ ಹೊತ್ತು ನೋಡಿ ಹೋಗುತ್ತಿದ್ದಳು, ನೆಲ ನೋಡುತ್ತ ಬರುತ್ತಿದ್ದಳು.

ಅವ್ವ ತೀರಿಕೊಂಡು ಹದಿನೈದು ದಿನಕ್ಕೆ, ಅಲಗು ಕಿರುಬೆರಳಿಗಿಂತ ಸಣ್ಣದಾಗಿದ್ದ ಆ ಚಾಕುವನ್ನು ಪರ್ಸಿನಲ್ಲಿಟ್ಟುಕೊಂಡು ಹರಪನಹಳ್ಳಿಯ ಬಸ್ಸು ಹತ್ತಿದೆ. ಮಂಜಣ್ಣ ಅಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡಿಕೊಂಡಿದ್ದ. ದೊಡ್ಡಪ್ಪನಿಗೆ ಲಕ್ವ ಹೊಡೆದು ಅವನ ಮನೆಯ ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ದೊಡ್ಡವ್ವ ಚಹಾ ಇಡಲು ಒಳಗೆ ಹೋದಳು. ನಾನು ಮಂಚದ ಪಕ್ಕ ನಿಂತೆ. ಹನ್ನೆರಡು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು, ಅವನ ಮುಖ ಕರ್ರಗಾಗುವುದನ್ನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೆ.

“ಚಾಕು ಕದ್ದಾಕಿ ನಮ್ಮವ್ವ ಅಲ್ರಿ ದೊಡ್ಡಪ್ಪ. ನಾನು.”

ಅವನ ಬಾಯಿ ಒಂದು ಕಡೆ ಎಳೆದಿತ್ತು, ಮಾತು ನಿಧಾನ. ಆದರೂ ಸ್ಪಷ್ಟವಾಗಿ ಕೇಳಿಸಿತು.

“ಗೊತ್ತಿತ್ತು. ಹುಣಸಿ ಬಿಡಿಸೋರು ಯಾರಾರ ಗಡಿಗ್ಯಾಗ ಚಾಕು ಇಡ್ತಾರೇನು? ಹುಡುಗ್ರು ಕೆಲಸ ಅದು.”

ಅಲಗು ನೋಡಿದ ಗಳಿಗೆಯಲ್ಲೇ ಗೊತ್ತಾಗಿತ್ತು. ವಾಸನೆ ನೋಡಿ, ನನ್ನ ಮುಖ ನೋಡಿ, ಎಲ್ಲ ತಿಳಿದು, ಆಮೇಲೆ ಪಕ್ಕದವನ ಕಡೆ ತಿರುಗಿದ್ದ. ಹಾಗಾದರೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

“ಅಕಿನ ತಾನಾಗಿ ತಂದು ಮುಂದ ಇಟ್ಲು. ನಾ ಯಾಕ ಬ್ಯಾಡ ಅನ್ಲಿ?”

ನಾನು ಪರ್ಸಿನಿಂದ ಚಾಕು ತೆಗೆದೆ. ಅವನ ಕಣ್ಣು ಅದರ ಮೇಲೆಯೇ ನಿಂತಿತು. ಅಪ್ಪ ಹಾಕಿದ ಟ್ಯೂಬಿನ ಉಂಗುರ ಎಂದೋ ಹರಿದಿತ್ತು, ಅವ್ವ ತನ್ನ ಸೀರೆಯ ಅಂಚಿನ ದಾರ ಸುತ್ತಿದ್ದಳು. ಅವನು ಸ್ವಾಧೀನವಿದ್ದ ಬಲಗೈಯನ್ನು ನನ್ನ ಕಡೆ ಚಾಚಿದ. ಹುಟ್ಟಿನಿಂದ ಬಂದ ಅಭ್ಯಾಸ, ನನ್ನ ಸೊಂಟ ನೆಲಕ್ಕಿಡಲು ಬಗ್ಗತೊಡಗಿತು. ಅರ್ಧದಲ್ಲೇ ನಿಲ್ಲಿಸಿ ನೆಟ್ಟಗೆ ನಿಂತೆ. ಅವನ ಅಂಗೈಯಲ್ಲಿ ಚಾಕು ಇಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದೆ. ನಾಲ್ಕನೇ ಕ್ಲಾಸಿನಲ್ಲಿ ತಿಳಿಯದೆ ಕೊಟ್ಟಿದ್ದೆ. ಈ ಸಲ ತಿಳಿದೇ ಕೊಟ್ಟೆ. ಅಜ್ಜಿಯ ಮಗನಲ್ಲವೇ, ಅವನಿಗೂ ಅರ್ಥವಾಯಿತು. ಬೆರಳು ಬಿಡಿಸಿಕೊಳ್ಳಲು ನೋಡಿದ. ನಾನು ಹಿಡಿದೇ ಇದ್ದೆ, ದೊಡ್ಡವ್ವ ಚಹಾ ತರುವವರೆಗೆ.